ಗಲಾಟೆ ಮುಗಿದ ಮೇಲೆ ಊರು ಕೂಡಿಸೋರು ಒಬ್ಬರು, ಶಾಂತಿ ಸಭೆಯಲ್ಲಿ ಕೂರೋರು ಇನ್ನೊಬ್ಬರು. ಎಲ್ಲಾ ಕಡೆ ಹೀಗೇನಾ?

ಹಿರೇಹಳ್ಳದಾಕಿ (ಕೊಪ್ಪಳ)
ಊರಲ್ಲಿ ಗಲಾಟೆಯಾದ ಮೇಲೆ ಠಾಣೆಯವರು ಶಾಂತಿ ಸಭೆ ಕರೆಯುತ್ತಾರಲ್ಲ, ಅಲ್ಲಿ ನೀವು ಎಂದಾದರೂ ಹೆಣ್ಣುಮಕ್ಕಳನ್ನು ನೋಡಿದ್ದೀರಾ? ಚಹಾ ಕೊಡೋಕೆ ಬಂದವರನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನಮ್ಮೂರ ಹೆಸರು ಬೇಡ, ಕೊಪ್ಪಳ ಜಿಲ್ಲೆ ಅಂತ ಇಟ್ಟುಕೊಳ್ಳಿ. ಮೆರವಣಿಗೆ ಯಾವ ದಾರಿಯಲ್ಲಿ ಹೋಗಬೇಕು ಅನ್ನೋ ವಿಷಯಕ್ಕೆ ಎರಡು ಓಣಿಗಳ ನಡುವೆ ಕಲ್ಲು ತೂರಾಟ ಆಯಿತು. ತಲೆ ಒಡೆದವು, ಒಂದು ಪಾನ್ ಡಬ್ಬಿ ಸುಟ್ಟಿತು. ಕೆಲವು ಗಂಡಸರು ಒಳಗೆ ಹೋದರು, ಉಳಿದವರು ಕೇಸಿಗೆ ಹೆದರಿ ನೆಂಟರ ಊರು ಸೇರಿದರು. ಆಮೇಲೆ ಈ ಓಣಿಯವರು ಆ ಓಣಿಗೆ ಕಾಲಿಡೋದೇ ನಿಂತಿತು. ತಮಾಷೆ ಏನಂದರೆ ಹಿಟ್ಟಿನ ಗಿರಣಿ ಒಂದು ಓಣಿಯಲ್ಲಿ, ಶುದ್ಧ ನೀರಿನ ಘಟಕ ಇನ್ನೊಂದರಲ್ಲಿ.

ಮೊದಲು ದಾಟಿದ್ದು ಹೆಂಗಸರು. ದೊಡ್ಡ ಆದರ್ಶ ಏನೂ ಇರಲಿಲ್ಲ. ಸಂಘದ ಕಂತು ಬಂದಿತ್ತು ಅಷ್ಟೇ. ಒಂದೇ ಸಂಘದಲ್ಲಿ ಎರಡೂ ಓಣಿಯವರಿದ್ದಾರೆ. ಲೆಕ್ಕದ ಪುಸ್ತಕ ಒಬ್ಬರ ಹತ್ತಿರ, ಪೆಟ್ಟಿಗೆಯ ಕೀಲಿ ಇನ್ನೊಬ್ಬರ ಹತ್ತಿರ. ಸಭೆ ಸೇರದೆ ಬ್ಯಾಂಕಿಗೆ ದುಡ್ಡು ಕಟ್ಟೋ ಹಾಗಿಲ್ಲ. ಮೊದಲ ವಾರ ಶಾಲೆಯ ಕಟ್ಟೆ ಮೇಲೆ ಎರಡು ಗುಂಪಾಗಿ, ಮುಖ ಆ ಕಡೆ ಈ ಕಡೆ ಮಾಡಿಕೊಂಡು ಕೂತಿದ್ದರು. ಪುಸ್ತಕ ಬರೆಯೋದು ನಮ್ಮ ಚಿಗವ್ವ. ಅವಳು ಹೆಸರು ಕರೆದರೆ "ಹೂಂ" ಅನ್ನೋರು, ಸೆರಗಿನ ಗಂಟು ಬಿಚ್ಚಿ ನೋಟು ತೆಗೆದು ಅವಳ ಮುಂದೆ ನೆಲದ ಮೇಲೆ ಇಡೋರು. ಕೈಗೆ ಮಾತ್ರ ಕೊಡ್ತಿರಲಿಲ್ಲ. ಮುಂದಿನ ವಾರ ಕೈಗೆ ಕೊಟ್ಟರು. ಆಮೇಲೆ ಒಂದು ರಾತ್ರಿ ಒಬ್ಬರ ಸೊಸೆಗೆ ಹೆರಿಗೆ ನೋವು ಬಂತು. ಆಟೋ ಇದ್ದದ್ದು ಆಚೆ ಓಣಿಯಲ್ಲಿ. ಸಂಘದವಳ ಮನೆ ಬಾಗಿಲು ತಟ್ಟಿದರು, ಆಟೋ ಬಂತು.

ಇಷ್ಟೆಲ್ಲಾ ಆದ ಮೇಲೆ ಶಾಂತಿ ಸಭೆ! ಶಾಮಿಯಾನ, ಕುರ್ಚಿ, ಹಾರ, ಎರಡು ಕಡೆಯ ಹಿರಿಯರು ಕೈ ಹಿಡಿದುಕೊಂಡ ಫೋಟೊ. ಚಿಗವ್ವನನ್ನು ಯಾರೂ ಕರೆಯಲಿಲ್ಲ. ಸಮಿತಿ ಅಂತ ಒಂದು ಪಟ್ಟಿ ಮಾಡಿದರು, ಅದರಲ್ಲಿ ಹೆಣ್ಣಿನ ಹೆಸರೇ ಇಲ್ಲ.

ದೊಡ್ಡ ದೊಡ್ಡ ಯುದ್ಧ, ದಂಗೆ ನಡೆದ ಕಡೆಯೂ ಕಥೆ ಇಷ್ಟೇನಾ? ಓದಿಕೊಂಡವರು ಇದ್ದೀರಿ, ಹೇಳಿ.

ಸಿರುಗುಪ್ಪ ಎಕ್ಸ್‌ಪ್ರೆಸ್
ನಮ್ಮಲ್ಲಿ ಶಾಂತಿ ಸಭೆಯಲ್ಲೇ ಜಗಳ ಆಗಿದೆ. ಒಂದು ಕಡೆಯವರಿಗೆ ಮಿರ್ಚಿ ಕಡಿಮೆ ಬಂತಂತೆ.

ಬಳ್ಳಾರಿ ಬಿಸಿಲು
ಅಕ್ಕಾರೇ, ಕರೆದರೆ ಹೆಂಗಸರು ಬರ್ತಾರಾ ಹೇಳಿ? ಠಾಣೆ ಮೆಟ್ಟಿಲು ಹತ್ತೋದು ಅಂದರೆ ನಮ್ಮ ಮನೆಗಳಲ್ಲೇ ಒಪ್ಪಲ್ಲ. ತಪ್ಪೆಲ್ಲಾ ಪೊಲೀಸರದ್ದು ಅಂದರೆ ಹೇಗೆ.

ಹಿರೇಹಳ್ಳದಾಕಿ
ಕರೆದು ನೋಡಿದ್ದು ಯಾರು ಅಣ್ಣಾರೇ? ಮೊದಲು ಕರೆಯಲಿ. ಬ್ಯಾಂಕಿನ ಮೆಟ್ಟಿಲು, ಆಸ್ಪತ್ರೆ ಮೆಟ್ಟಿಲು, ತಹಶೀಲ್ದಾರ್ ಕಚೇರಿ ಮೆಟ್ಟಿಲು ದಿನಾ ಹತ್ತುತ್ತಾರೆ. ಠಾಣೆ ಮೆಟ್ಟಿಲು ಮಾತ್ರ ಎತ್ತರ ಆಗಿಬಿಡ್ತಾ?

ಮಾನ್ವಿ ಮಾಸ್ತರ್
ಒಳ್ಳೆ ಪ್ರಶ್ನೆ ತಂಗಿ. ಇತಿಹಾಸ ಪಾಠ ಮಾಡಿದವನು, ಸ್ವಲ್ಪ ಉದ್ದ ಆಗುತ್ತೆ.

ರುವಾಂಡಾ ನೋಡು. 1994ರಲ್ಲಿ ಸುಮಾರು ನೂರು ದಿನದಲ್ಲಿ ಅಂದಾಜು 8 ಲಕ್ಷ ಜನರನ್ನು ಕೊಂದರು. ಕೊಂದವರು, ಸತ್ತವರು ಇಬ್ಬರೂ ಅಕ್ಕಪಕ್ಕದ ಮನೆಯವರೇ. ಗಂಡಸರಲ್ಲಿ ಬಹಳ ಜನ ಸತ್ತರು, ಬಹಳ ಜನ ಜೈಲಿಗೆ ಹೋದರು, ಇನ್ನಷ್ಟು ಜನ ಗಡಿ ದಾಟಿ ಓಡಿದರು. ಊರಲ್ಲಿ ಉಳಿದವರಲ್ಲಿ ಹೆಂಗಸರೇ ಜಾಸ್ತಿ. ಮನೆ ಕಟ್ಟಿದ್ದು, ಹೊಲ ಉತ್ತಿದ್ದು, ದಿಕ್ಕಿಲ್ಲದ ಮಕ್ಕಳನ್ನು ಸಾಕಿದ್ದು ಅವರು. ಆದರೆ ಹೊಲ ಯಾರ ಹೆಸರಲ್ಲಿತ್ತು? ಗಂಡನ ಹೆಸರಲ್ಲಿ, ಇಲ್ಲಾ ಮಾವನ ಹೆಸರಲ್ಲಿ. ಗಂಡ ಸತ್ತವಳು ಎಷ್ಟೇ ದುಡಿದರೂ ಮೈದುನ ಬಂದು ಏಳು ಅಂದರೆ ಏಳಬೇಕು. ಹೆಂಗಸರ ಸಂಘಗಳು ಇದಕ್ಕಾಗಿ ಗುದ್ದಾಡಿದವು. 1999ರಲ್ಲಿ ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಸಮಪಾಲು ಅನ್ನುವ ಕಾನೂನು ಬಂತು. 2003ರ ಹೊಸ ಸಂವಿಧಾನದಲ್ಲಿ ಕನಿಷ್ಠ ಶೇ 30 ಸ್ಥಾನ ಅಂತ ಬರೆದರು. 2008ರ ಚುನಾವಣೆಯಲ್ಲಿ ಸಂಸತ್ತಿನ ಕೆಳಮನೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರು ಗೆದ್ದರು. ಜಗತ್ತಿನಲ್ಲೇ ಅದು ಮೊದಲು. 2013ರಲ್ಲಿ 80ರಲ್ಲಿ 51.

ಅಂದರೆ ಗಂಡಸರು ಇಲ್ಲದಾಗ ದುಡಿದಿದ್ದು ಎಲ್ಲಾ ಕಡೆ ಒಂದೇ. ಅದನ್ನು ಕಾಗದಕ್ಕೆ ಇಳಿಸಿದ ಕಡೆ ಸ್ವಲ್ಪ ಉಳಿಯಿತು.

ಗಡಿನಾಡ ಹುಡುಗ
ಸರ್, ರುವಾಂಡಾ ಅಂದ ಕೂಡಲೇ ಎಲ್ಲರೂ ಇದೇ ಶೇಕಡಾವಾರು ಹೇಳ್ತಾರೆ. ಅಲ್ಲಿ 2000ದಿಂದ ಒಬ್ಬರೇ ಅಧ್ಯಕ್ಷ. 2024ರ ಚುನಾವಣೆಯಲ್ಲಿ ಕಗಾಮೆಗೆ ಬಿದ್ದ ಮತ ಶೇ 99. ಎದುರು ಮಾತಾಡೋಕೇ ಆಗದ ಸಂಸತ್ತಿನಲ್ಲಿ 51 ಹೆಂಗಸರಿದ್ದರೂ ಒಂದೇ, 71 ಇದ್ದರೂ ಒಂದೇ. ಕುರ್ಚಿ ಬೇರೆ, ಅಧಿಕಾರ ಬೇರೆ.

ಮಾನ್ವಿ ಮಾಸ್ತರ್
ಸಂಸತ್ತಿನ ಮಾತು ನೀನು ಹೇಳಿದ ಹಾಗೇ ಇರಲಿ ತಮ್ಮಾ. ಆದರೆ ಹೊಲದ ಪತ್ರಕ್ಕೂ ಕಗಾಮೆಗೂ ಏನು ಸಂಬಂಧ? ಪಾಲು ಸಿಕ್ಕವಳಿಗೆ ಪಾಲು ಸಿಕ್ಕಿತು. ನಾನು ಒತ್ತಿ ಹೇಳಿದ್ದು 1999ರ ಕಾನೂನನ್ನು. ನೀನು ಹಿಡಿದದ್ದು 2013ರ ಲೆಕ್ಕ.

ಲಿಂಗಸುಗೂರು ಅಕ್ಕ
ಕುರ್ಚಿ ಬೇರೆ ಅಧಿಕಾರ ಬೇರೆ ಅನ್ನೋಕೆ ರುವಾಂಡಾ ತನಕ ಯಾಕೆ ಹೋಗಬೇಕು, ನಮ್ಮ ಪಂಚಾಯಿತಿಗೆ ಬನ್ನಿ. ನಾನು ಒಂದು ಅವಧಿ ಸದಸ್ಯೆ ಆಗಿದ್ದೆ. ಕರ್ನಾಟಕದಲ್ಲಿ ಪಂಚಾಯಿತಿಗಳಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳಿಗೆ ಅಂತ 2010ರಲ್ಲೇ ಆಗಿದೆ. ನಮ್ಮ ಅಧ್ಯಕ್ಷೆಯ ಕುರ್ಚಿ ಪಕ್ಕದಲ್ಲಿ ಇನ್ನೊಂದು ಕುರ್ಚಿ ಇರ್ತಿತ್ತು, ಅದರಲ್ಲಿ ಅವರ ಯಜಮಾನರು. ಬಿಲ್ ಪಾಸ್ ಮಾಡುವ ಡೊಂಗಲ್ ಯಜಮಾನರ ಅಂಗಿ ಜೇಬಿನಲ್ಲಿ. ಆಯಮ್ಮನಿಗೆ ಅದು ಏನು ಅಂತಲೇ ಗೊತ್ತಿರಲಿಲ್ಲ.

ಒಂದು ದಿನ ಕೆರೆ ಹೂಳಿನ ಕೂಲಿ ಬರಲಿಲ್ಲ ಅಂತ ಉದ್ಯೋಗ ಖಾತ್ರಿ ಹೆಂಗಸರು ಪಂಚಾಯಿತಿ ಬಾಗಿಲಿಗೆ ಬಂದು ಕೂತರು. ಯಜಮಾನರು ರಾಯಚೂರಿಗೆ ಹೋಗಿದ್ದರು. ಹೊರಗೆ ಬಿಸಿಲು, ಇವರು ಕದಲಲಿಲ್ಲ. ಸಂಜೆಗೆ ಯಜಮಾನರು ಬಂದ ಮೇಲೆ ಆಯಮ್ಮ ಎಲ್ಲರ ಎದುರಿಗೆ "ಕೊಡ್ರಿ ಅದನ್ನ" ಅಂತ ಕೈ ಚಾಚಿದರು. ಅವತ್ತಿನಿಂದ ಡೊಂಗಲ್ ಅವರ ವ್ಯಾನಿಟಿ ಬ್ಯಾಗಿಗೆ ಬಂತು. ಕುರ್ಚಿ ಇಲ್ಲದೇ ಇದ್ದಿದ್ದರೆ ಕೈ ಚಾಚೋಕೂ ಆಗ್ತಿರಲಿಲ್ಲ ಅಲ್ವಾ?

ಸಿರುಗುಪ್ಪ ಎಕ್ಸ್‌ಪ್ರೆಸ್
ಯಜಮಾನರು ರಾಯಚೂರಿಗೆ ಹೋಗಿದ್ದು ಯಾಕೆ ಅಂತ ಹೇಳಲೇ ಇಲ್ಲ ಅಕ್ಕ.

ಲಿಂಗಸುಗೂರು ಅಕ್ಕ
ನಿನಗೆ ಬೇಕಾಗಿದ್ದು ಅದೇ ನೋಡು.

ಕುಷ್ಟಗಿ ನರ್ಸ್
ಲೈಬೀರಿಯಾ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೀತೀನಿ. ಅಲ್ಲಿ ಎರಡು ಸುತ್ತು ಅಂತರ್ಯುದ್ಧ ಆಗಿ ದೇಶವೇ ಹಾಳಾಗಿತ್ತು. 2003ರಲ್ಲಿ ಲೇಮಾ ಗ್ಬೋವಿ ಮತ್ತು ಜೊತೆಯವರು ಬಿಳಿ ಬಟ್ಟೆ ಹಾಕಿಕೊಂಡು ರಾಜಧಾನಿ ಮನ್ರೋವಿಯಾದ ಮೀನು ಮಾರುಕಟ್ಟೆ ಹತ್ತಿರದ ಬಯಲಲ್ಲಿ ದಿನಾ ಕೂರೋಕೆ ಶುರು ಮಾಡಿದರು. ಅಧ್ಯಕ್ಷ ಚಾರ್ಲ್ಸ್ ಟೇಲರ್ ಕಾರು ಹೋಗೋ ರಸ್ತೆ ಅದು. ಚರ್ಚಿಗೆ ಹೋಗುವವರು, ಮಸೀದಿಗೆ ಹೋಗುವವರು ಒಟ್ಟಿಗೆ. ಮಳೆಯಲ್ಲೂ ಅಲ್ಲೇ, ಬಿಸಿಲಲ್ಲೂ ಅಲ್ಲೇ.

ಘಾನಾ ದೇಶದ ಅಕ್ರಾದಲ್ಲಿ ಮಾತುಕತೆ ಶುರುವಾಯಿತು. ಗಂಡಸರು ದೊಡ್ಡ ಹೋಟೆಲಿನಲ್ಲಿ ಇದ್ದುಕೊಂಡು ಖಾತೆ ಹಂಚಿಕೊಳ್ಳೋದರಲ್ಲೇ ವಾರಗಟ್ಟಲೆ ಕಳೆದರು. ಆಗ ಈ ಹೆಂಗಸರು ಹೋಗಿ ಸಭೆಯ ಬಾಗಿಲಿಗೆ ಅಡ್ಡ ಕೂತರು, ಒಪ್ಪಂದ ಆಗೋ ತನಕ ಯಾರನ್ನೂ ಹೊರಗೆ ಬಿಡಲ್ಲ ಅಂತ. ಎಬ್ಬಿಸೋಕೆ ಬಂದಾಗ ಗ್ಬೋವಿ ಅಲ್ಲೇ ಬಟ್ಟೆ ಬಿಚ್ಚುತ್ತೀನಿ ಅಂದರು. ಅವರ ಕಡೆ ತಾಯಿ ವಯಸ್ಸಿನವಳು ಹಾಗೆ ಮಾಡಿದರೆ ನೋಡಿದವರಿಗೆ ಶಾಪ ಅಂತ ನಂಬಿಕೆ. ಗಾರ್ಡುಗಳು ಹಿಂದೆ ಸರಿದರು. ಆ ವರ್ಷ ಆಗಸ್ಟಿನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು.

ನನಗೆ ಇಷ್ಟ ಆಗಿದ್ದು ಆಮೇಲಿನದು. ಗೆದ್ದೆವು ಅಂತ ಮನೆಗೆ ಹೋಗಲಿಲ್ಲ. 2005ರ ಚುನಾವಣೆಗೆ ಹೆಂಗಸರ ಹೆಸರು ಮತದಾರರ ಪಟ್ಟಿಗೆ ಸೇರಿಸೋಕೆ ಊರೂರು ತಿರುಗಿದರು. ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡುವವಳು ಹೆಸರು ಬರೆಸೋಕೆ ಹೋದರೆ ಅವಳ ಅಂಗಡಿ, ಮಗು ಇನ್ನೊಬ್ಬಳು ನೋಡಿಕೊಳ್ಳೋದು. ಎಲೆನ್ ಜಾನ್ಸನ್ ಸರ್ಲೀಫ್ ಗೆದ್ದರು. ಆಫ್ರಿಕಾದಲ್ಲಿ ಚುನಾವಣೆ ಗೆದ್ದ ಮೊದಲ ಮಹಿಳಾ ಅಧ್ಯಕ್ಷೆ. 2011ರಲ್ಲಿ ಇಬ್ಬರಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು, ಯೆಮೆನ್‌ನ ತವಕ್ಕುಲ್ ಕರ್ಮಾನ್ ಜೊತೆ.

ಇನ್ನೊಂದು, ನಮಗೂ ಇದರಲ್ಲಿ ಪಾಲಿದೆ. 2007ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಲೈಬೀರಿಯಾಕ್ಕೆ ಹೋದ ಮೊದಲ ಪೂರ್ತಿ ಮಹಿಳಾ ಪೊಲೀಸ್ ತುಕಡಿ ಭಾರತದ್ದು. ಸಿಆರ್‌ಪಿಎಫ್ ಹೆಣ್ಣುಮಕ್ಕಳು. 2016ರ ತನಕ ತಂಡದ ಮೇಲೆ ತಂಡ ಹೋಗಿ ಕೆಲಸ ಮಾಡಿದರು. ಅಧ್ಯಕ್ಷರ ಕಚೇರಿಗೆ ಕಾವಲು ಇದ್ದದ್ದೂ ಅವರೇ.

ಬಳ್ಳಾರಿ ಬಿಸಿಲು
ಸಿಆರ್‌ಪಿಎಫ್ ವಿಷಯ ಗೊತ್ತೇ ಇರಲಿಲ್ಲ. ಇದನ್ನು ಪುಸ್ತಕದಲ್ಲಿ ಹಾಕೋದು ಬಿಟ್ಟು ಏನೇನೋ ಹಾಕ್ತಾರೆ.

ಗಡಿನಾಡ ಹುಡುಗ
ನರ್ಸಕ್ಕಾ, ಸರ್ಲೀಫ್ ಮಗನನ್ನೇ ತೈಲ ಕಂಪನಿಯ ಮುಖ್ಯಸ್ಥ ಮಾಡಿದ್ದು ಬರೀಲಿಲ್ಲ. ಅದನ್ನು ಖಂಡಿಸಿ ಮಾತಾಡಿದ್ದೂ ಇದೇ ಗ್ಬೋವಿ.

ಕುಷ್ಟಗಿ ನರ್ಸ್
ಹೌದು. ಅಂದರೆ ಹೆಣ್ಣು ಅಂತ ಸುಮ್ನೆ ಬಿಡಲಿಲ್ಲ, ಪ್ರಶ್ನೆ ಕೇಳಿದರು. ಒಳ್ಳೇದೇ ಆಯ್ತಲ್ಲ.

ಅಂದ್ರೂನ್ ಕಿಲ್ಲಾ (ರಾಯಚೂರು)
ಎಲ್ಲರೂ ಆಫ್ರಿಕಾ ಸುತ್ತುತ್ತಿದ್ದೀರಿ. ನಮ್ಮ ಭಾಗದಲ್ಲೂ ಒಂದು ಸಣ್ಣ ಯುದ್ಧವೇ ಆಗಿದೆ, 1948ರಲ್ಲಿ ನಿಜಾಮನ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದಾಗ. ಪ್ರತಿ ವರ್ಷ ಸೆಪ್ಟೆಂಬರ್ 17ಕ್ಕೆ ಧ್ವಜ ಹಾರಿಸ್ತೀವಿ. ಆ ಭಾಷಣಗಳಲ್ಲಿ ಹೆಣ್ಣುಮಕ್ಕಳು ಬರೋದು ನಿಜಾಮನ ಪರ ಇದ್ದ ರಜಾಕಾರರು ಹೊತ್ತೊಯ್ದರು ಅನ್ನೋ ಸಾಲಿನಲ್ಲಿ ಮಾತ್ರ. ಅವರು ಏನು ಮಾಡಿದರು ಅನ್ನೋದು ಇಲ್ಲ.

ಇನ್ನೊಂದು ಕಡೆಯದೂ ಹೇಳಬೇಕು. ಭಾರತದ ಸೇನೆ ಬಂದ ಪೊಲೀಸ್ ಕಾರ್ಯಾಚರಣೆ ಸಮಯದಲ್ಲಿ, ಅದರ ನಂತರ ಮುಸ್ಲಿಮರ ಮೇಲೆ ಹಿಂಸೆ ಆಯಿತು. ಸರ್ಕಾರವೇ ಕಳಿಸಿದ ಸುಂದರಲಾಲ್ ಸಮಿತಿ ಸತ್ತವರು ಕಡಿಮೆ ಅಂದರೂ 27 ಸಾವಿರದಿಂದ 40 ಸಾವಿರ ಅಂತ ಬರೆದಿದೆ. ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಕಡೆ ತುಂಬಾ ಕೆಟ್ಟದಾಗಿತ್ತು. ನಮ್ಮ ನಾನಿಯ ಅಕ್ಕ ಆ ಕಡೆಗೆ ಮದುವೆಯಾಗಿ ಹೋಗಿದ್ದವರು, ಎರಡು ಮಕ್ಕಳನ್ನು ಕಟ್ಟಿಕೊಂಡು ರಾಯಚೂರಿಗೆ ವಾಪಸ್ ಬಂದರು. ಮನೆಯ ಗೋಷಾದೊಳಗಿದ್ದ ಹೆಣ್ಣು ಆಮೇಲೆ ಮನೆಮನೆಗೆ ಬಟ್ಟೆ ಹೊಲಿದುಕೊಟ್ಟು ಮಕ್ಕಳನ್ನು ಓದಿಸಿದರು. ಅವರ ಮೊದಲ ಗಿರಾಕಿಗಳು ಯಾರು ಗೊತ್ತಾ? ಪಕ್ಕದ ಓಣಿಯ ಲಿಂಗಾಯತರ ಮನೆಯವರು, ಜಂಪರ್ ಹೊಲಿಸಿಕೊಳ್ಳೋಕೆ. ಯಾವ ಶಾಂತಿ ಸಭೆಯೂ ಇರಲಿಲ್ಲ.

ಗಡಿನಾಡ ಹುಡುಗ
ಆ ಸಮಿತಿ ಲೆಕ್ಕದ ಬಗ್ಗೆ ಬೇಕಾದಷ್ಟು ತಕರಾರಿದೆ. ರಜಾಕಾರರು ಮಾಡಿದ್ದನ್ನು ಒಂದು ಸಾಲಿನಲ್ಲಿ ಮುಗಿಸಿ ಇದನ್ನು ಒಂದು ಪ್ಯಾರಾ ಬರೆದಿದ್ದೀರಿ.

ಅಂದ್ರೂನ್ ಕಿಲ್ಲಾ (ರಾಯಚೂರು)
ನನಗೆ ಗೊತ್ತಿರೋದು ನಮ್ಮ ಮನೆಯದು, ಅದನ್ನು ಬರೆದೆ. ನಿಮ್ಮ ಮನೆಯದು ನೀವು ಬರೀರಿ, ಓದ್ತೀನಿ.

ಮೇಲ್ವಿಚಾರಕರು
ಲೆಕ್ಕದ ಜಗಳ ಬೇರೆ ಚರ್ಚೆಯಲ್ಲಿ ಮಾಡಿಕೊಳ್ಳಿ. ಇಲ್ಲಿ ವಿಷಯ ಆಮೇಲೆ ಹೆಣ್ಣುಮಕ್ಕಳು ಮಾಡಿದ್ದೇನು ಅನ್ನೋದು. ಇನ್ನೊಂದು ಏಟು ಎದುರೇಟು ಬಂದರೆ ಬೀಗ ಹಾಕ್ತೀನಿ.

ಮಾನ್ವಿ ಮಾಸ್ತರ್
ಅಂದ್ರೂನ್ ಕಿಲ್ಲಾದವರ ಮಾತಿಗೆ ಒಂದು ಸೇರಿಸ್ತೀನಿ. ನಿಜಾಮನ ಕಾಲದಲ್ಲಿ ಅವನ ವಿರುದ್ಧ ಹೋರಾಡುವವರ ಶಿಬಿರಗಳು ಗಡಿಯಾಚೆ ಇದ್ದವು. ಮುಂಡರಗಿ ಶಿಬಿರ, ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳತ್ವ, ಎಲ್ಲರಿಗೂ ಗೊತ್ತು. ಗಂಡಸರು ಶಿಬಿರ ಸೇರಿದರೆ ಊರಲ್ಲಿ ಜೋಳ ಬಿತ್ತಿದ್ದು ಯಾರು, ಲೇವಿ (ಸರ್ಕಾರಕ್ಕೆ ಕೊಡಬೇಕಾದ ಕಾಳು) ಕೇಳಿಕೊಂಡು ಬಂದವರಿಗೆ ಉತ್ತರ ಹೇಳಿದ್ದು ಯಾರು? ನಮ್ಮ ಅವ್ವ ಹೇಳ್ತಿದ್ದಳು, ಕಾಳು ಬಚ್ಚಿಡುವ ಹಗೇವಿನ ಬಾಯಿಯ ಮೇಲೆ ಕುಳ್ಳು ಒಟ್ಟಿ, ಅದರ ಪಕ್ಕದಲ್ಲೇ ಕೂತು ಬೀಸುತ್ತಿದ್ದರಂತೆ. ಆಮೇಲೆ ಹೋರಾಟಗಾರರಿಗೆ ಪಿಂಚಣಿ, ತಾಮ್ರಪತ್ರ ಅಂತ ಬಂದಾಗ ಜೈಲಿಗೆ ಹೋದ ದಾಖಲೆ, ಶಿಬಿರದಲ್ಲಿದ್ದ ದಾಖಲೆ ಕೇಳಿದರು. ಹಗೇವು ಕಾದವಳ ಹತ್ತಿರ ಎಲ್ಲಿಯ ದಾಖಲೆ?

ಗಂಡಸರು ವಾಪಸ್ ಬಂದ ಮೇಲೆ ಇವರ ಕೆಲಸ ಮದುವೆ ಮುಗಿದ ಮೇಲಿನ ಚಪ್ಪರದ ಹಾಗೆ. ಬಿಚ್ಚಿ ಅಟ್ಟಕ್ಕೆ ಹಾಕೋದು.

ಸಿಂಧನೂರು ಭತ್ತ
ನಮ್ಮ ತಾಲ್ಲೂಕಿನ ಆರ್‌ಎಚ್ ಕ್ಯಾಂಪ್ ಮರೆತಿರಾ? ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರನ್ನು ಸರ್ಕಾರ ತಂದು ಇಳಿಸಿದ ಊರುಗಳು. ಹೊಳೆ, ಕೆರೆ, ಹಸಿರು ನೋಡಿ ಬೆಳೆದವರಿಗೆ ಕರಿ ಎರೆಭೂಮಿ, ಜಾಲಿಗಿಡ. ಮೊದಲು ಬಂದ ವಯಸ್ಸಾದವರನ್ನು ಮಾತಾಡಿಸಿ, ಬಿಸಿಲು ನೋಡಿಯೇ ಅತ್ತೆವು ಅಂತಾರೆ.

ನಮ್ಮ ಅಂಗಡಿ ಎದುರಿಗೆ ಒಬ್ಬರು ಅಜ್ಜಿ ಮೀನು ಮಾರೋಕೆ ಬರ್ತಿದ್ದರು. ಕೈಯಲ್ಲಿ ಬಿಳಿ ಶಂಖದ ಬಳೆ, ಬೈತಲೆಯಲ್ಲಿ ಸಿಂಧೂರ. ಈಳಿಗೆಯನ್ನು ಕಾಲಬೆರಳಲ್ಲಿ ಒತ್ತಿ ಹಿಡಿದು ಎರಡೂ ಕೈಯಲ್ಲಿ ಮೀನು ಹಿಡಿದು ಕೊಯ್ಯೋರು, ಕಣ್ಣು ಮಾತ್ರ ಗಿರಾಕಿ ಮೇಲೆ. ಚೌಕಾಸಿ ಎಲ್ಲಾ ಅಚ್ಚ ಸಿಂಧನೂರು ಕನ್ನಡ. "ತಗೊಳ್ಳೋದಾದ್ರ ತಗೋ, ಇಲ್ಲಂದ್ರ ಬಿಸಿಲಿಗೆ ನಿಂದರಬ್ಯಾಡ ಹೋಗಪಾ" ಅನ್ನೋರು. ಅವರ ಯಜಮಾನರಿಗೆ ಕೊನೆ ತನಕ ಕನ್ನಡ ಬರಲಿಲ್ಲ. ತಹಶೀಲ್ದಾರ್ ಕಚೇರಿಗೂ ಅಜ್ಜಿಯೇ ಹೋಗಿ ಮಾತಾಡೋರು. ಊರಿನವರ ಜೊತೆ ಸಂಬಂಧ ಬೆಸೆದಿದ್ದು ಸಂತೆಗೆ ಬಂದ ಈ ಹೆಂಗಸರು. ಪೌರತ್ವದ ಕಾಗದಕ್ಕೆ ಮಾತ್ರ ಎಷ್ಟೋ ವರ್ಷ ಅಲೆದರು, ಇನ್ನೂ ಅಲೆಯುತ್ತಿರುವವರಿದ್ದಾರೆ.

ಸಿರುಗುಪ್ಪ ಎಕ್ಸ್‌ಪ್ರೆಸ್
ಆರ್‌ಎಚ್ ಕ್ಯಾಂಪ್ ರಸಗುಲ್ಲಾ ತಿಂದಿದ್ದೀರಾ ಯಾರಾದರೂ? ಬಳ್ಳಾರಿ ಬೇಕರಿಯದ್ದೆಲ್ಲಾ ದಂಡ.

ಬಳ್ಳಾರಿ ಬಿಸಿಲು
ಏಯ್, ಬಳ್ಳಾರಿ ಬೇಕರಿ ಸುದ್ದಿಗೆ ಬರಬೇಡ.

ಗಂಗಾವತಿಯವ
ಕೊಪ್ಪಳದ ಅಕ್ಕ ಬರೆದಿದ್ದು ಚೆನ್ನಾಗಿದೆ, ಆದರೆ ನನಗೆ ಒಂದು ಕಡೆ ಚುಚ್ಚುತ್ತೆ. ಎರಡು ಓಣಿ ಸಮಸಮ ಇದ್ದಾಗ ಸಂಘದ ಕಂತಿಗೆ ಕೂಡೋದು ಸರಿ. ಒಂದು ಕಡೆಯವರು ಹೊಡೆದವರು, ಇನ್ನೊಂದು ಕಡೆಯವರು ಹೊಡೆಸಿಕೊಂಡವರು ಆದರೆ?

ನಮ್ಮ ಗಂಗಾವತಿ ತಾಲ್ಲೂಕಿನ ಮರಕುಂಬಿ ನೆನಪು ಮಾಡಿಕೊಳ್ಳಿ. 2014ರ ಆಗಸ್ಟ್ 28. ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚಿದರು. ತೀರ್ಪು ಬಂದದ್ದು 2024ರ ಅಕ್ಟೋಬರ್ 24ಕ್ಕೆ. ಕೊಪ್ಪಳ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆಮೇಲೆ ಹೈಕೋರ್ಟಿನಲ್ಲಿ ಬಹುತೇಕರಿಗೆ ಜಾಮೀನು ಆಯಿತು. ನಡುವೆ ಹತ್ತು ವರ್ಷ. ಇಂಥ ಕಡೆ ಹೆಂಗಸರು ಮೊದಲು ಕೂಡಿದರು, ಊರು ಒಂದಾಯಿತು ಅನ್ನೋ ಕಥೆ ಹೇಳೋಕೆ ನನಗೆ ಭಯ. ಯಾಕಂದರೆ ರಾಜಿ ಮಾಡಿಕೊಳ್ಳಿ ಅನ್ನೋ ಒತ್ತಡ ಮೊದಲು ಬರೋದೂ ಹೆಂಗಸರ ಮೇಲೇ. "ನಾಳೆ ಕೂಲಿಗೆ ನಮ್ಮ ಹೊಲಕ್ಕೇ ಬರಬೇಕಲ್ಲ" ಅಂತ. ಸುಟ್ಟ ಮನೆಯವಳು ಮೊದಲು ನಗಬೇಕು ಅಂತ ಯಾಕೆ ಕಾಯಬೇಕು?

ಹಿರೇಹಳ್ಳದಾಕಿ
ತಮ್ಮಾ, ಈ ಮಾತು ಒಪ್ಪುತ್ತೀನಿ. ನಮ್ಮೂರಲ್ಲಿ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಬಲ ಇತ್ತು. ಅದಕ್ಕೇ ಸಮಿತಿಯಲ್ಲಿ ಹೆಣ್ಣುಮಕ್ಕಳು ಬೇಕು ಅನ್ನೋದು ಇನ್ನೂ ಜಾಸ್ತಿ ಅನ್ನಿಸುತ್ತೆ. ರಾಜಿಯೋ ಕೇಸೋ ಅಂತ ಹೇಳೋಕೆ ಸುಟ್ಟ ಮನೆಯವಳಿಗೇ ಒಂದು ಕುರ್ಚಿ ಇರಲಿ.

ಸಂಡೂರು ಕಸೂತಿ
ನಾನು ಎಲ್ಲಾ ಓದ್ತಾ ಬಂದೆ. ಈ ಸಂಘ, ಕಂತು ಅಂತ ಜಾಸ್ತಿ ಹೊಗಳಬೇಡಿ ಅಕ್ಕ. ಅದೇ ಕಂತು ಕುತ್ತಿಗೆಗೂ ಬರುತ್ತೆ.

ಶ್ರೀಲಂಕಾದ ಉತ್ತರದಲ್ಲಿ 2009ರ ಮೇ ತಿಂಗಳಲ್ಲಿ ಯುದ್ಧ ಮುಗಿಯಿತು. ಗಂಡ ಸತ್ತವರು, ಗಂಡ ಕಾಣೆಯಾದವರು, ಸಾವಿರಾರು ಮನೆಗಳಿಗೆ ಹೆಂಗಸರೇ ಯಜಮಾನ್ತಿ. ಅವರನ್ನು ಉದ್ಧಾರ ಮಾಡ್ತೀವಿ ಅಂತ ಮೈಕ್ರೋಫೈನಾನ್ಸ್ ಕಂಪನಿಗಳು ಬಂದವು. ಒಂದು ಸಾಲ ತೀರಿಸೋಕೆ ಇನ್ನೊಂದು, ಅದಕ್ಕೆ ಮತ್ತೊಂದು. ವಸೂಲಿಯವರು ಮನೆ ಬಾಗಿಲಲ್ಲಿ ರಾತ್ರಿ ತನಕ ಕೂರೋದು. ಕೊನೆಗೆ ಸರ್ಕಾರವೇ 2018ರಲ್ಲಿ ಕೆಲವು ಸಾಲ ಮನ್ನಾ ಮಾಡಬೇಕಾಯಿತು. ನಮ್ಮಲ್ಲಿ ಯಾವ ಯುದ್ಧವೂ ಇರಲಿಲ್ಲ, ಆದರೂ ಅದೇ ಗತಿ. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸುಗ್ರೀವಾಜ್ಞೆ ತರಬೇಕಾಯಿತು ಅಲ್ವಾ? ನನ್ನ ತಂಗಿ ಮನೆ ಮುಂದೆಯೂ ಬಂದು ಕೂತಿದ್ದರು. ಯಾವ ಕಂಪನಿ ಅಂತ ಇಲ್ಲಿ ಬೇಡ.

ಅದೇ ಶ್ರೀಲಂಕಾದಲ್ಲಿ ಇನ್ನೊಂದು ಆಯ್ತು. ಮುಲ್ಲೈತೀವು ಜಿಲ್ಲೆಯ ಕೆಪ್ಪಾಪುಲವು ಅನ್ನೋ ಕಡೆ ಮಿಲಿಟರಿಯವರು ಹಿಡಿದುಕೊಂಡ ಜಾಗದ ಮುಂದೆ 2017ರಲ್ಲಿ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ರಸ್ತೆಯಲ್ಲೇ ಕೂತರು, ಅಲ್ಲೇ ಅಡುಗೆ, ಅಲ್ಲೇ ನಿದ್ದೆ. ಒಂದಷ್ಟು ಜಾಗ ವಾಪಸ್ ಸಿಕ್ಕಿತು. ಸಾಲ ಕೊಟ್ಟಿದ್ದಕ್ಕಿಂತ ಜಾಗ ಬಿಟ್ಟಿದ್ದು ದೊಡ್ಡ ಉಪಕಾರ.

ಮಾನ್ವಿ ಮಾಸ್ತರ್
ಸಂಡೂರಿನ ತಂಗಿ ಸರಿಯಾದ ಕಡೆ ಕೈ ಇಟ್ಟಳು. ಜಾಗ, ಹೊಲ. ಕರ್ನಾಟಕದಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು 1994ರಿಂದಲೇ ಇದೆ. ದೇಶಕ್ಕೆಲ್ಲಾ ಬಂದದ್ದು 2005ರಲ್ಲಿ. ರುವಾಂಡಾದವರಿಗಿಂತ ನಾವೇ ಐದು ವರ್ಷ ಮುಂದೆ!

ಲಿಂಗಸುಗೂರು ಅಕ್ಕ
ಕಾನೂನಿನಲ್ಲಿ ಮುಂದೆ ಸರ್. ನೋಂದಣಿ ಕಚೇರಿಯಲ್ಲಿ ನೋಡಿ, ಪಂಚಮಿಗೆ ಸೀರೆ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳೋ ಅಣ್ಣಂದಿರ ಸಾಲು. ನಾನೂ ಸಹಿ ಮಾಡಿ ಬಂದವಳೇ. ಮಾಡದೇ ಇದ್ದರೆ ತವರಿನ ಬಾಗಿಲು ಮುಚ್ಚುತ್ತೆ.

ಗಡಿನಾಡ ಹುಡುಗ
ಅಣ್ಣಂದಿರಿಗೂ ಕಷ್ಟ ಇರುತ್ತೆ ಅಕ್ಕ, ಮದುವೆ ಖರ್ಚು, ಸಾಲ ಎಲ್ಲಾ...

ಲಿಂಗಸುಗೂರು ಅಕ್ಕ
ಇರುತ್ತೆ. ಅದಕ್ಕೇ ಸಹಿ ಮಾಡಿದ್ದು. ಸೀರೆ ಮಾತ್ರ ಚೆನ್ನಾಗಿತ್ತು.

ಕುಷ್ಟಗಿ ನರ್ಸ್
😀😀

ನೇಪಾಳದ್ದು ಒಂದು ಹೇಳಿಬಿಡ್ತೀನಿ. 2006ರಲ್ಲಿ ಮಾವೋವಾದಿಗಳ ಯುದ್ಧ ಮುಗಿದಾಗ ವಿಶ್ವಸಂಸ್ಥೆ 19,602 ಹೋರಾಟಗಾರರು ಅಂತ ಲೆಕ್ಕ ಹಾಕಿತು, ಅದರಲ್ಲಿ 3,846 ಹೆಣ್ಣುಮಕ್ಕಳು. ಬಂದೂಕು ಹಿಡಿದಾಗ ಜಾತಿ ಇಲ್ಲ, ಅಡುಗೆಮನೆ ಇಲ್ಲ. ಯುದ್ಧ ಮುಗಿದು ಊರಿಗೆ ಬಂದರೆ ಬೇರೆ ಜಾತಿಯವನನ್ನು ಮದುವೆಯಾದವಳು, ಕಾಡಲ್ಲಿ ಇದ್ದವಳು ಅಂತ ದೂರ ಇಟ್ಟರು. ಬಹಳ ಜನ ಕೂಸು ಎತ್ತಿಕೊಂಡು, ಸರ್ಕಾರ ಕೊಟ್ಟ ದುಡ್ಡು ತಗೊಂಡು ಸುಮ್ಮನಾದರು. ಅದೇ ಸಮಯದಲ್ಲಿ 2008ರ ಸಂವಿಧಾನ ಸಭೆಯಲ್ಲಿ 601ರಲ್ಲಿ 197 ಹೆಂಗಸರು ಕೂತರು. ಮೇಲೆ ಬಾಗಿಲು ತೆರೆದಿತ್ತು, ಊರಲ್ಲಿ ಮುಚ್ಚಿತ್ತು.

ಬಳ್ಳಾರಿ ಬಿಸಿಲು
ಮುಂದುವರಿದ ದೇಶಗಳಲ್ಲಾದರೂ ಸರಿ ಇದೆಯಾ?

ಮಾನ್ವಿ ಮಾಸ್ತರ್
ಉತ್ತರ ಐರ್ಲೆಂಡ್ ಕೇಳು. 1996ರಲ್ಲಿ ಶಾಂತಿ ಮಾತುಕತೆಗೆ ಪಕ್ಷಗಳನ್ನು ಕರೆದಾಗ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಹೆಂಗಸರು ಸೇರಿ ಕೆಲವೇ ವಾರದಲ್ಲಿ ಒಂದು ಪಕ್ಷ ಕಟ್ಟಿ, ಚುನಾವಣೆಗೆ ನಿಂತು, ಎರಡು ಸ್ಥಾನ ಪಡೆದು ಒಳಗೆ ಹೋದರು. ಮಾತಾಡೋಕೆ ಎದ್ದರೆ ಎದುರಿಗೆ ಕೂತ ಕೆಲವು ಗಂಡಸರು ಆಕಳ ಹಾಗೆ "ಅಂಬಾ" ಅಂತ ಕೂಗೋರು. 1998ರ ಒಪ್ಪಂದದಲ್ಲಿ ಹಿಂಸೆಗೆ ಸಿಕ್ಕವರ ವಿಷಯ, ಮಕ್ಕಳು ಒಟ್ಟಿಗೆ ಓದುವ ಶಾಲೆಗಳ ವಿಷಯ ಸೇರಿಸಿದ್ದು ಇವರು. ಕೂಗಿದವರು ಏನು ಸೇರಿಸಿದರೋ.

ಸಿರುಗುಪ್ಪ ಎಕ್ಸ್‌ಪ್ರೆಸ್
ನಮ್ಮ ವಿಧಾನಸಭೆಯೇ ವಾಸಿ ಹಾಗಾದರೆ.

ಅಂದ್ರೂನ್ ಕಿಲ್ಲಾ (ರಾಯಚೂರು)
ಮೊಹರಂ, ಗಣೇಶ ಹಬ್ಬದ ಮುಂಚೆ ನಮ್ಮ ಏರಿಯಾದಲ್ಲೂ ಶಾಂತಿ ಸಭೆ ಇರುತ್ತೆ. ಒಮ್ಮೆ ನಾವು ನಾಲ್ಕೈದು ಜನ ಟೀಚರ್‌ಗಳು ಕರೆಯದೇ ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು. ಯಾರೂ ಏಳಿ ಅನ್ನಲಿಲ್ಲ. ಗಂಡಸರು ಡಿಜೆ, ಮೆರವಣಿಗೆ ಮಾರ್ಗ ಅಂತ ಹೇಳಿ ಮುಗಿಸಿದರು. ನಾವು ಎದ್ದು, ಆ ಮಾರ್ಗದ ಬೀದಿದೀಪ ಎರಡು ತಿಂಗಳಿಂದ ಉರಿಯುತ್ತಿಲ್ಲ, ಟ್ಯೂಷನ್ ಬಿಡೋ ಹೊತ್ತಿಗೆ ಮೆರವಣಿಗೆ ಬಂದರೆ ಹುಡುಗಿಯರು ಎಲ್ಲಿ ನಿಲ್ಲಬೇಕು ಅಂತ ಕೇಳಿದೆವು. ಸಾಹೇಬರು ಬರೆದುಕೊಂಡರು. ದೀಪ ಬಂತು. ಮುಂದಿನ ಸಭೆಗೆ ಮಾತ್ರ ಕರೆಯೋಲೆ ಬರಲಿಲ್ಲ, ಮತ್ತೆ ಹಾಗೇ ಹೋದೆವು.

ಹಿರೇಹಳ್ಳದಾಕಿ
ಇದು ಮಾಡಬಹುದು. ಹಬ್ಬದ ಸಭೆ ಹತ್ತಿರ ಬಂತು. ಚಿಗವ್ವನಿಗೆ ಹೇಳಿದೆ, "ನಾ ಒಬ್ಬಾಕಿನ ಹೋಗಂಗಿಲ್ಲ, ಗಿರಣಿಯವಳನ್ನೂ ಕರಕೊಂಡು ಹೋಗ್ತೀನಿ" ಅಂದಳು. ಗಿರಣಿಯವಳು ಆಚೆ ಓಣಿಯವಳು. ಸುಮ್ನೆ ಹೋಗಿ ಕೂರಬೇಕಾ, ಅರ್ಜಿ ಕೊಡಬೇಕಾ?

ಬಳ್ಳಾರಿ ಬಿಸಿಲು
ಸುಮ್ನೆ ಹೋಗಿ ಕೂರೋದೇ ಒಳ್ಳೇದು. ಅರ್ಜಿ ಕೊಟ್ಟರೆ ಪರಿಶೀಲಿಸ್ತೀವಿ ಅಂತಾರೆ, ಹಬ್ಬ ಮುಗಿಯುತ್ತೆ.

ಲಿಂಗಸುಗೂರು ಅಕ್ಕ
ಎರಡೂ ಮಾಡು. ಹೋಗಿ ಕೂರಿ, ಜೊತೆಗೆ ಅರ್ಜಿಯನ್ನೂ ಕೊಡಿ. ಒಬ್ಬರ ಹೆಸರಲ್ಲಿ ಬೇಡ, ಸಂಘದ ಲೆಟರ್‌ಹೆಡ್‌ನಲ್ಲಿ ಬರೆಸು, ಎರಡೂ ಓಣಿಯವರ ಸಹಿ ಇರಲಿ. "ಭಾಗವಹಿಸಲು ಅವಕಾಶ ಕೊಡಿ" ಅಂತ ಬೇಡುವ ಹಾಗೆ ಬರೆಯಬೇಡ. "ಸಮಿತಿಯ ಪಟ್ಟಿಯಲ್ಲಿ ಈ ಕೆಳಗಿನವರ ಹೆಸರು ಸೇರಿಸಿ" ಅಂತ ಬರೆದು ಹೆಸರುಗಳನ್ನೇ ಕೊಡು. ಹೆಸರು ಕೊಡದಿದ್ದರೆ ಯಾರೋ ಮುಖಂಡರ ಹೆಂಡತಿಯನ್ನು ಸೇರಿಸಿ ಕೈ ತೊಳೆದುಕೊಳ್ತಾರೆ. ಒಂದು ಪ್ರತಿ ತಹಶೀಲ್ದಾರರಿಗೆ, ಒಂದು ಪಂಚಾಯಿತಿಗೆ. ನಿನ್ನ ಪ್ರತಿಯ ಮೇಲೆ ಸ್ವೀಕೃತಿ ಸೀಲು, ತಾರೀಖು ಹಾಕಿಸಿಕೊಳ್ಳದೇ ಎದ್ದು ಬರಬೇಡ.

ಗಂಗಾವತಿಯವ
ಪಟ್ಟಿಯಲ್ಲಿ ಕೇರಿಯ ಹೆಣ್ಣುಮಕ್ಕಳ ಹೆಸರೂ ಇರಲಿ ಅಕ್ಕ. ಎರಡು ಓಣಿ ಜಗಳದಲ್ಲಿ ಮೂರನೆಯವರನ್ನು ಮರೆತುಬಿಡ್ತೀವಿ.

ಹಿರೇಹಳ್ಳದಾಕಿ
ಒಬ್ಬರು ಸಂಘದಲ್ಲೇ ಇದ್ದಾರೆ, ಉದ್ಯೋಗ ಖಾತ್ರಿಯಲ್ಲಿ ಕಾಯಕ ಬಂಧು, ಅಂದರೆ ಕೂಲಿಯವರ ಗುಂಪಿನ ಮುಂದಾಳು. ಮಾತು ಚೆನ್ನಾಗಿ ಆಡ್ತಾರೆ, ಅವರನ್ನೇ ಮುಂದೆ ಕೂರಿಸ್ತೀವಿ. ಭಾನುವಾರ ಸಂಘದ ಸಭೆ ಇದೆ, ಅಲ್ಲಿ ಓದಿ ಸಹಿ ಹಾಕಿಸ್ತೀನಿ. ಮಾಸ್ತರೇ, ಅರ್ಜಿ ಒಮ್ಮೆ ನೋಡಿ ಕೊಡ್ತೀರಾ?

ಮಾನ್ವಿ ಮಾಸ್ತರ್
ಕಳಿಸು ತಂಗಿ. ಉದ್ದ ಬರೀಬೇಡ, ಒಂದು ಪುಟ ಸಾಕು. ರುವಾಂಡಾ ಎಲ್ಲಾ ಹಾಕಬೇಡ.

ಸಿರುಗುಪ್ಪ ಎಕ್ಸ್‌ಪ್ರೆಸ್
ಸಂಬಂಧ ಇಲ್ಲದ ಪ್ರಶ್ನೆ, ಬೈಯಬೇಡಿ. ತಂಗಿಗೆ 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಪ್ರಮಾಣಪತ್ರ ಮಾಡಿಸಬೇಕು, ನಾಡಕಚೇರಿಯಲ್ಲೇ ಆಗುತ್ತಾ?

ಲಿಂಗಸುಗೂರು ಅಕ್ಕ
ನಾಡಕಚೇರಿಯಲ್ಲೇ ಅರ್ಜಿ ಕೊಡು, ಮೇಲಿನ ಕಚೇರಿಗೆ ಅವರೇ ಕಳಿಸ್ತಾರೆ. ಓದಿದ ಶಾಲೆಯ ದಾಖಲೆ ಎಲ್ಲಾ ತಗೊಂಡು ಹೋಗು. ಮತ್ತೆ ತಂಗಿಯನ್ನೇ ಕಳಿಸು, ನೀನು ಹೋಗಿ ನಿಂತುಕೊಳ್ಳಬೇಡ.